ಬಾಗಿದ ಒಡಲಿನ ಮೇಲೆ ನೇರ ಗೆರೆ: ಒಂದು ಅಭ್ಯಾಸ ಪಾಠದ ಅನುಭವ

ತರಗತಿ: 8
ವಿಷಯ: ಕಾರ್ಯಾನುಭವ (ಗಣಿತದೊಂದಿಗೆ ಸಮನ್ವಯ)
ಅವಧಿ: 40 ನಿಮಿಷಗಳ ಎರಡು ತರಗತಿಗಳು
ಕಲಿಕಾಂಶ: ಮಾದರಿ ಹಡಗಿಗೆ ನೀರಿನ ಮಟ್ಟದ ಗೆರೆ ಬಳಿಯುವುದು
ಸಾಮಗ್ರಿ: 40 ಸೆಂ.ಮೀ. ಉದ್ದದ ಮರದ ಒಡಲುಗಳು, ಅಕ್ರಿಲಿಕ್ ಬಣ್ಣ, ಮಾಸ್ಕಿಂಗ್ ಟೇಪ್, ಕುಂಚ, ಪೆನ್ಸಿಲ್, ಮರದ ತುಂಡುಗಳು

ಪೀಠಿಕೆ

ಶಾಲೆ ಕರಾವಳಿಯದು, ದೋಣಿ, ಹಡಗು ಮಕ್ಕಳಿಗೆ ಹೊಸತಲ್ಲ. ಹಡಗಿಗೆ ಎಷ್ಟು ಭಾರ ಹೇರಬಹುದೆಂದು ತಿಳಿಸುವ ಗುರುತಿನಿಂದ ಪಾಠ ಆರಂಭಿಸಿದೆ. ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅವರ ಹೋರಾಟದ ಫಲವಾಗಿ 1876ರಲ್ಲಿ ಬ್ರಿಟನ್ನಿನಲ್ಲಿ ಅದು ಕಡ್ಡಾಯವಾಯಿತು. ಇಂದಿನ ಗುರುತಿನ ವೃತ್ತದ ವ್ಯಾಸ 300 ಮಿ.ಮೀ., ಅಡ್ಡಗೆರೆಯ ಉದ್ದ 450 ಮಿ.ಮೀ., ದಪ್ಪ 25 ಮಿ.ಮೀ. ನಮ್ಮ ಮಾದರಿಯ ಪ್ರಮಾಣ 1:100. ಮಕ್ಕಳು ಲೆಕ್ಕ ಹಾಕಿ 3, 4.5 ಮತ್ತು 0.25 ಮಿ.ಮೀ. ಎಂದರು. "ನಮ್ಮ ಪೆನ್ಸಿಲ್ ಲೆಡ್ಡೇ 0.5 ಉಂಟು ಟೀಚರ್, ಗೆರೆ ಎರಡು ಪಟ್ಟು ದಪ್ಪ ಆಗ್ತದೆ" ಎಂದ ಒಬ್ಬ ಹುಡುಗ. ಅನುಪಾತ ಅರ್ಥವಾಗಿದೆ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಅಷ್ಟು ಸಣ್ಣ ಗುರುತನ್ನು ಬಿಟ್ಟು, ಕೆಳಗಿನ ಕೆಂಪು ಮತ್ತು ಮೇಲಿನ ಕಪ್ಪು ಬಣ್ಣಗಳ ನಡುವೆ ಒಂದು ಬಿಳಿ ಗೆರೆ ಉಳಿಸುವ ಕೆಲಸಕ್ಕೆ ಇಳಿದೆವು.

ಮೊದಲ ಅವಧಿ: ನನ್ನ ತಪ್ಪು

ಸ್ಕೇಲ್ ಇಟ್ಟು ಗೆರೆ ಎಳೆದು, ಟೇಪನ್ನು ಬಿಗಿಯಾಗಿ ಅಂಟಿಸಲು ಹೇಳಿದೆ. ನಡುಭಾಗದಲ್ಲಿ ಸರಿಯಾಗಿಯೇ ಬಂತು. ಮುಂತುದಿಯ ಹತ್ತಿರ ಎಲ್ಲರ ಗೆರೆಯೂ ಮೇಲಕ್ಕೆ ಏರಿತು. ಒಬ್ಬ ಹುಡುಗಿ, "ಟೀಚರ್, ನಾನು ನೇರವೇ ಅಂಟಿಸಿದ್ದು, ಪಕ್ಕದಿಂದ ನೋಡಿದ್ರೆ ಬಾಗಿದೆ" ಎಂದಳು. "ಕೈ ನಡುಗಿದೆ, ಇನ್ನೊಮ್ಮೆ ಮಾಡು" ಎಂದುಬಿಟ್ಟೆ. ಅವಳು ಮತ್ತೆ ಅಂಟಿಸಿದಳು. ಗೆರೆ ಮತ್ತೆ ಏರಿತು. ಆಮೇಲೆ ಅವಳು ಏನೂ ಕೇಳಲಿಲ್ಲ.

ಪಾಠದ ನಂತರ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲರ ಕೈಯೂ ಒಂದೇ ಜಾಗದಲ್ಲಿ ನಡುಗಿತೇ?"

ಆ ಸಂಜೆ ನಾನೇ ಅಂಟಿಸಿ ನೋಡಿದೆ. ಒಡಲು ಮುಂತುದಿಯಲ್ಲಿ ಮೇಲೆ ಹೋದಂತೆ ಹೊರಕ್ಕೆ ಅಗಲವಾಗುತ್ತದೆ. ಅಗಲವಾದ ಟೇಪನ್ನು ಅಲ್ಲಿ ಸುಕ್ಕಿಲ್ಲದೆ ಅಂಟಿಸಿದರೆ ಅದು ತಾನಾಗಿಯೇ ಮೇಲೇರುತ್ತದೆ. ಹಾಗಾದರೆ ಇಲ್ಲಿ 'ನೇರ' ಎಂದರೆ ಸ್ಕೇಲಿನ ನೇರವಲ್ಲ, ನೀರಿನ ಮಟ್ಟ: ಗೆರೆಯ ಪ್ರತಿ ಬಿಂದುವೂ ಮೇಜಿನಿಂದ ಒಂದೇ ಎತ್ತರದಲ್ಲಿರಬೇಕು.

ಎರಡನೇ ಅವಧಿ

ಮೊದಲು ಆ ಹುಡುಗಿಗೆ, "ನಿನ್ನ ಕೈ ಸರಿಯಿತ್ತು, ನಾನು ಹೇಳಿಕೊಟ್ಟದ್ದು ತಪ್ಪು" ಎಂದು ಎಲ್ಲರ ಎದುರೇ ಹೇಳಿದೆ. "ಬಕೆಟ್ಟಿನ ನೀರಿನಲ್ಲಿ ಈ ಹಡಗು ತೇಲಿದರೆ ಒದ್ದೆಯಾದ ಅಂಚು ಹೇಗಿರುತ್ತದೆ?" ಎಂದು ಕೇಳಿದೆ. ಉತ್ತರ ಅವರಿಂದಲೇ ಬಂತು. ನಂತರದ ಹಂತಗಳು:

1. ಒಡಲಿಗೆ ಪೂರ್ತಿ ಬಿಳಿ ಬಳಿದು ಒಣಗಿಸುವುದು.
2. ಒಡಲನ್ನು ಸಮತಟ್ಟಾದ ಮೇಜಿನ ಮೇಲೆ ಅಲುಗದಂತೆ ನಿಲ್ಲಿಸುವುದು. ಮರದ ತುಂಡಿಗೆ ಪೆನ್ಸಿಲ್ ಅಡ್ಡಲಾಗಿ ಕಟ್ಟಿ, ತುಂಡನ್ನು ಮೇಜಿನ ಮೇಲೆ ಜಾರಿಸುತ್ತಾ ಸುತ್ತಲೂ ಗುರುತು ಮಾಡುವುದು.
3. ಟೇಪಿನ 1 ಮಿ.ಮೀ. ಅಗಲದ ಎಳೆಯನ್ನು ಗುರುತಿನ ಮೇಲೆ ಅಂಟಿಸುವುದು. ಸಣ್ಣ ಎಳೆ ತಿರುವಿಗೆ ಬಾಗುತ್ತದೆ. (ಬ್ಲೇಡಿನಿಂದ ಎಳೆಗಳನ್ನು ನಾನೇ ಕತ್ತರಿಸಿಟ್ಟಿದ್ದೆ.)
4. ಅಂಚುಗಳನ್ನು ಉಗುರಿನಿಂದ ಒತ್ತಿ, ಅವುಗಳ ಮೇಲೆ ತೆಳುವಾಗಿ ಮತ್ತೆ ಬಿಳಿ ಬಳಿಯುವುದು. ಅಡಿಗೆ ನುಸುಳಿದರೂ ಬಿಳಿಯೇ ನುಸುಳುತ್ತದೆ, ಸಂದು ಮುಚ್ಚುತ್ತದೆ.
5. ಅದು ಒಣಗಿದ ಮೇಲೆ ಕೆಳಗೆ ಕೆಂಪು, ಮೇಲೆ ಕಪ್ಪು. ಕುಂಚವನ್ನು ಟೇಪಿನಿಂದ ಹೊರಕ್ಕೆ ಎಳೆಯುವುದು.
6. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಹಿಮ್ಮಡಿಸಿ ನಿಧಾನವಾಗಿ ಬಿಡಿಸುವುದು.

ಆರು ಗುಂಪುಗಳಲ್ಲಿ ಐದರ ಗೆರೆ ಸ್ವಚ್ಛವಾಗಿ ಬಂತು. ಆರನೆಯದು ನಾಲ್ಕನೇ ಹಂತ ಬಿಟ್ಟಿತ್ತು. ಕಪ್ಪು ಬಣ್ಣ ಒಳಗೆ ಹರಿದಿತ್ತು. ಕಾರಣವನ್ನು ಅವರೇ ಹೇಳಿದರು.

ಆತ್ಮಾವಲೋಕನ

ಒಂದು ಮಗು ತಪ್ಪಿದರೆ ಕೈಯ ಅಭ್ಯಾಸ ಸಾಲದಿರಬಹುದು. ಇಡೀ ತರಗತಿ ಒಂದೇ ಜಾಗದಲ್ಲಿ ತಪ್ಪಿದರೆ ನೋಡಬೇಕಾದದ್ದು ನಮ್ಮ ಪ್ರಾತ್ಯಕ್ಷಿಕೆಯನ್ನು. ಕೊಡುವ ಸಾಮಗ್ರಿಯ ಮೇಲೆಯೇ ಹಿಂದಿನ ದಿನ ಪೂರ್ತಿ ಕೆಲಸ ಮಾಡಿ ನೋಡದೆ ನಾನು ತರಗತಿಗೆ ಹೋಗಿದ್ದೆ. ಸಪಾಟಾದ ಹಲಗೆಯ ಮೇಲೆ ಅಭ್ಯಾಸ ಮಾಡಿ, ಬಾಗಿದ ಒಡಲನ್ನು ಮಕ್ಕಳ ಕೈಗೆ ಕೊಟ್ಟಿದ್ದೆ. ಈಗ ನನ್ನ ಪಾಠಯೋಜನೆಯಲ್ಲಿ 'ಪೂರ್ವ ಪ್ರಯೋಗ' ಎಂಬ ಒಂದು ಸಾಲು ಸೇರಿದೆ.