ದರಕ್ಕಿಂತ ಷರತ್ತು ಮುಖ್ಯ

ಎಡಿಟಿಂಗ್ ಕಲಿತು ಹೊಸದಾಗಿ ಕೆಲಸಕ್ಕಿಳಿಯುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಸಾರ್, ದಿನಕ್ಕೆ ಎಷ್ಟು ಕೇಳಬೇಕು?’ ಸಿನಿಮಾ, ಜಾಹೀರಾತು, ಸಾಕ್ಷ್ಯಚಿತ್ರ, ಕಂಪನಿ ವಿಡಿಯೊ ಎಂದು ಬೆಂಗಳೂರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಎಡಿಟಿಂಗ್ ಮಾಡಿಯೇ ಸಂಸಾರ ತೂಗಿಸಿದವನು ನಾನು. ಅವರಿಗೆ ಹೇಳುವುದಿಷ್ಟೆ: ಎಷ್ಟು ಎಂಬುದು ಆಮೇಲಿನ ಮಾತು. ದುಡ್ಡು ಯಾವಾಗ ಕೊಡುತ್ತಾರೆ, ಎಷ್ಟು ಸಲ ತಿದ್ದಿಸುತ್ತಾರೆ, ಕೆಲಸ ಅರ್ಧಕ್ಕೆ ನಿಂತರೆ ಏನು ಸಿಗುತ್ತದೆ, ಇದನ್ನು ಮೊದಲು ಕೇಳಿ. ನಮ್ಮ ಕಸುಬಿನವರ ಕೈ ಬರಿದಾಗುವುದು ಕಡಿಮೆ ದರದಿಂದ ಆಗುವುದಕ್ಕಿಂತ ಹೆಚ್ಚಾಗಿ ಬರೆದಿಡದ ಷರತ್ತಿನಿಂದ.

ಒಂದು ಲೆಕ್ಕ ನೋಡಿ. ಮೂರು ನಿಮಿಷದ ವಿಡಿಯೊಗೆ ಒಬ್ಬರು 80,000 ರೂಪಾಯಿ ಕೊಡುತ್ತೇನೆ ಎನ್ನುತ್ತಾರೆ. ಅಡ್ವಾನ್ಸ್ ಇಲ್ಲ, ಕರೆಕ್ಷನ್‌ಗೆ ಮಿತಿ ಇಲ್ಲ. ಇನ್ನೊಬ್ಬರು 60,000 ಎನ್ನುತ್ತಾರೆ; ಆದರೆ ಅಡ್ವಾನ್ಸ್ ಉಂಟು, ಎರಡೇ ಸುತ್ತು ಕರೆಕ್ಷನ್. ಮೊದಲಿನದು ತಿದ್ದಿ ತಿದ್ದಿ 32 ದಿನ ತಿಂದರೆ ದಿನಕ್ಕೆ ಬಿದ್ದದ್ದು 2,500. ಎರಡನೆಯದು 15 ದಿನಕ್ಕೆ ಮುಗಿದರೆ ದಿನಕ್ಕೆ 4,000. ದೊಡ್ಡ ಮೊತ್ತವೇ ಇಲ್ಲಿ ಸಣ್ಣ ಸಂಪಾದನೆ. ಮೇಲಾಗಿ ಆ 80,000 ಕೈಸೇರಲು ನಾಲ್ಕು ತಿಂಗಳಾದರೆ ನಡುವಿನ ಮನೆ ಬಾಡಿಗೆ, ಕಂಪ್ಯೂಟರ್ ಕಂತು ಎಲ್ಲವನ್ನೂ ಸಾಲದಲ್ಲಿ ಕಟ್ಟಬೇಕು.

ಒಂದು ಪುಟದ ಪತ್ರ

ನಾನು ಸಹಾಯಕನಾಗಿದ್ದ ಕಾಲದಲ್ಲಿ ನನ್ನ ಹಿರಿಯ ಎಡಿಟರ್ ಪ್ರತಿ ಕೆಲಸಕ್ಕೂ ಮುಂಚೆ ಒಂದು ಪುಟದ ಪತ್ರ ಬರೆದು ನಿರ್ಮಾಪಕರ ಸಹಿ ಪಡೆಯುತ್ತಿದ್ದರು. ಅವರಿಗೆ ಯಾರ ಮೇಲೂ ಅನುಮಾನವಿರಲಿಲ್ಲ. ‘ನೆನಪು ಇಬ್ಬರಿಗೂ ಬೇರೆ ಬೇರೆ ಇರುತ್ತೆ ಕಣಪ್ಪ, ಕಾಗದ ಇಬ್ಬರಿಗೂ ಒಂದೇ’ ಎನ್ನುತ್ತಿದ್ದರು. ಆ ಪದ್ಧತಿಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಎಷ್ಟೇ ಮಾತಾಗಿರಲಿ, ಕೊನೆಗೆ ಎಲ್ಲವನ್ನೂ ಒಂದು ಇಮೇಲ್‌ಗೆ ಇಳಿಸಿ ‘ಒಪ್ಪಿದ್ದೇನೆ’ ಎಂಬ ಉತ್ತರ ತರಿಸಿಕೊಂಡ ಮೇಲೆಯೇ ಫುಟೇಜ್ ಮುಟ್ಟುವುದು.

ಆ ಪತ್ರದಲ್ಲಿ ಇರಬೇಕಾದದ್ದು ಇಷ್ಟು: ವಿಡಿಯೊದ ಉದ್ದ ಮತ್ತು ಎಷ್ಟು ಆವೃತ್ತಿ, ಫುಟೇಜ್ ನನ್ನ ಕೈಗೆ ಬರುವ ದಿನ, ಫೈನಲ್ ಕೊಡುವ ದಿನ, ಎಷ್ಟು ಸುತ್ತು ಕರೆಕ್ಷನ್, ಅದು ಮೀರಿದರೆ ದಿನಕ್ಕೆ ಎಷ್ಟು, ಗ್ರಾಹಕರ ಕಡೆಯಿಂದ ‘ಓಕೆ’ ಹೇಳುವ ಒಬ್ಬರ ಹೆಸರು, ಹಣ ಬರುವ ಹಂತಗಳು, ಕೆಲಸ ನಡುವೆ ನಿಂತರೆ ಅಲ್ಲಿಯವರೆಗಿನ ಕೂಲಿ, ಟೈಟಲ್‌ನಲ್ಲಿ ಹೆಸರು. ‘ಓಕೆ’ ಹೇಳುವವರು ಒಬ್ಬರೇ ಇರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಮಾರ್ಕೆಟಿಂಗ್‌ನವರು ಒಪ್ಪಿದ್ದನ್ನು ಎಂ.ಡಿ. ಬಂದು ಬದಲಿಸಿದರೆ ಆ ಬದಲಾವಣೆಯ ಖರ್ಚನ್ನು ಎಡಿಟರ್ ಹೊರಬಾರದು.

ಹಣದ ಹಂತಗಳಲ್ಲಿ ನಾನು ಪಾಲಿಸುವ ಕ್ರಮ ಹೀಗೆ: ಶುರುವಿಗೆ ಶೇ 40, ಮೊದಲ ಕಟ್ ನೋಡಿ ಒಪ್ಪಿದಾಗ ಶೇ 40, ಉಳಿದ ಶೇ 20 ಬಂದ ಮೇಲೆ ವಾಟರ್‌ಮಾರ್ಕ್ ಇಲ್ಲದ ಫೈನಲ್ ಫೈಲ್. ‘ನಂಬಿಕೆ ಇಲ್ವಾ ಸಾರ್?’ ಎಂದು ಕೆಲವರು ಕೇಳುತ್ತಾರೆ. ಎಲ್ಲರಿಗೂ ಇದೇ ನಿಯಮ ಎಂದು ಸಮಾಧಾನವಾಗಿ ಹೇಳಿದರೆ ಒಳ್ಳೆಯ ಗ್ರಾಹಕರು ಒಪ್ಪುತ್ತಾರೆ. ಅಡ್ವಾನ್ಸ್ ಮಾತೆತ್ತಿದ ಕೂಡಲೇ ಕಾಣೆಯಾಗುವವರು ಕೊನೆಯ ಕಂತಿನ ಹೊತ್ತಿಗೂ ಕಾಣೆಯಾಗುವವರೇ.

ಹಕ್ಕು ಯಾರದು?

ನಮ್ಮಲ್ಲಿ ಹೆಚ್ಚಿನವರು ಓದದೆ ಸಹಿ ಹಾಕುವುದು ಹಕ್ಕಿನ ಸಾಲುಗಳಿಗೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಸಿನಿಮಾ ಅಥವಾ ಫೋಟೊ ಮಾಡಿಸಿಕೊಂಡವರೇ ಅದರ ಮೊದಲ ಒಡೆಯರು. ಸ್ವತಂತ್ರವಾಗಿ ಕೆಲಸ ಮಾಡುವ ಕಥೆಗಾರ, ಗೀತರಚನಕಾರ, ಸಂಗೀತ ನಿರ್ದೇಶಕರ ಸ್ಥಿತಿ ಬೇರೆ. ಅವರ ಕೃತಿಯ ಹಕ್ಕು ಅವರದೇ. ಬೇರೆಯವರಿಗೆ ವರ್ಗಾಯಿಸಬೇಕಾದರೆ ಲಿಖಿತ ಒಪ್ಪಂದಕ್ಕೆ ಸಹಿ ಬೀಳಲೇಬೇಕು. ಆ ಒಪ್ಪಂದದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದೂ ಕಾನೂನು ಭಾವಿಸುತ್ತದೆ. 2012ರ ತಿದ್ದುಪಡಿಯ ನಂತರ, ಸಿನಿಮಾದಲ್ಲಿ ಸೇರಿದ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದ ಸಮಪಾಲನ್ನು ಹಾಡು ಬರೆದವರು, ರಾಗ ಹಾಕಿದವರು ನಿರ್ಮಾಪಕರಿಗೆ ಬಿಟ್ಟುಕೊಡಲು ಬರುವುದೇ ಇಲ್ಲ. ಅದನ್ನು ಸಂಗ್ರಹಿಸಿ ಹಂಚಲು 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಇದೆ. ಕನ್ನಡದ ಯುವ ಗೀತರಚನಕಾರರು ಅದರ ಸದಸ್ಯರಾಗುವುದು ಮೊದಲ ಹಾಡಿನಷ್ಟೇ ಮುಖ್ಯ ಎಂದು ನಾನು ನಂಬುತ್ತೇನೆ.

ಎಡಿಟರ್, ಕ್ಯಾಮೆರಾದವರಿಗೆ ಕೃತಿಸ್ವಾಮ್ಯ ಸಿಗದಿದ್ದರೂ ಪತ್ರದಲ್ಲಿ ಬರೆಯಬೇಕಾದದ್ದು ಎರಡುಂಟು. ಪ್ರಾಜೆಕ್ಟ್ ಫೈಲ್ ದರದಲ್ಲಿ ಸೇರಿದೆಯೇ, ಅದಕ್ಕೆ ಬೇರೆ ದುಡ್ಡೇ? ಮಾಡಿದ ಕೆಲಸವನ್ನು ನಮ್ಮ ಶೋರೀಲ್‌ನಲ್ಲಿ ಬಳಸಬಹುದೇ? ಶೋರೀಲ್ ಇಲ್ಲದೆ ಮುಂದಿನ ಕೆಲಸ ಬಾರದು. ಹಾಗಾಗಿ ಇದೂ ದುಡ್ಡಿನ ಪ್ರಶ್ನೆಯೇ.

ತಡವಾದ ಬಿಲ್ಲಿಗೆ ಕಾನೂನಿನ ಬಲ

ಎರಡು ಹಂತ ದಾಟಿದ ಮೇಲೂ ಕೊನೆಯ ಕಂತು ಸತಾಯಿಸುವುದುಂಟು. ಫೈನಲ್ ಕೈಗೆ ಬಂದ ಮೇಲಷ್ಟೇ ದುಡ್ಡು ಬಿಡುವುದು ದೊಡ್ಡ ಕಂಪನಿಗಳ ರೂಢಿ. ಇದಕ್ಕೆ ಒಳ್ಳೆಯ ಮದ್ದು ಉದ್ಯಮ್ ನೋಂದಣಿ. ಒಬ್ಬರೇ ಕೆಲಸ ಮಾಡುವ ಎಡಿಟರ್ ಕೂಡ ಸೇವಾ ವಲಯದ ಕಿರು ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಉಚಿತ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು ಎಂಬ ಆದಾಯ ತೆರಿಗೆ ನಿಯಮ 2023-24ನೇ ಸಾಲಿನಿಂದ ಜಾರಿಗೆ ಬಂದಿದೆ. ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ಇದು ಚೆನ್ನಾಗಿ ಗೊತ್ತು.

ಒಮ್ಮೆ ಒಂದು ಕಂಪನಿ ನನ್ನ ಬಿಲ್ಲನ್ನು ತಿಂಗಳುಗಟ್ಟಲೆ ಮುಂದೂಡಿತು. ಫೋನಿನಲ್ಲಿ ಜಗಳ ಆಡದೆ, ಉದ್ಯಮ್ ಸಂಖ್ಯೆ, ಬಿಲ್ಲಿನ ದಿನಾಂಕ, 45 ದಿನದ ನಿಯಮ ಇವನ್ನು ಬರೆದು ಅಕೌಂಟ್ಸ್‌ನವರಿಗೆ ಗೌರವದ ಒಂದು ಇಮೇಲ್ ಕಳಿಸಿದೆ. ಮುಂದಿನ ವಾರದಲ್ಲೇ ಹಣ ಬಂತು. ಆಮೇಲೆ ಅದೇ ಕಂಪನಿಯಿಂದ ಕೆಲಸವೂ ಬಂತು. ಈಗ ನನ್ನ ಪ್ರತಿ ಇನ್‌ವಾಯ್ಸ್‌ನ ಕೆಳಗೆ ಆ ಸಂಖ್ಯೆ ಇದ್ದೇ ಇರುತ್ತದೆ.

ಕತ್ತರಿಸಿದ ಹತ್ತು ಪರ್ಸೆಂಟ್

60,000ದ ಬಿಲ್ಲಿಗೆ 54,000 ಬಂದರೆ ಗಾಬರಿಯಾಗಬೇಡಿ. ವೃತ್ತಿ ಶುಲ್ಕದ ಮೇಲೆ ಶೇ 10 ಟಿಡಿಎಸ್ ಕಡಿತವಾಗಿದೆ. ಆ 6,000 ನಿಮ್ಮದೇ ದುಡ್ಡು. ಅದನ್ನು ನಿಮ್ಮ ಪ್ಯಾನ್‌ಗೆ ಕಟ್ಟಿದ್ದಾರೆಯೇ ಎಂದು ಮೂರು ತಿಂಗಳಿಗೊಮ್ಮೆ ಫಾರ್ಮ್ 26ಎಎಸ್‌ನಲ್ಲಿ ನೋಡಿ. ಕಡಿತ ಮಾಡಿ ಕಟ್ಟದೇ ಇದ್ದರೆ ಕೇಳಬೇಕಾದವರು ನೀವೇ.

ಸಿನಿಮಾದ ನಟರು, ಕ್ಯಾಮೆರಾಮನ್, ಎಡಿಟರ್, ಸಂಗೀತ ನಿರ್ದೇಶಕರು, ಗೀತರಚನಕಾರರು, ಸಂಭಾಷಣೆಕಾರರು ಎಲ್ಲರೂ ‘ಚಿತ್ರ ಕಲಾವಿದ’ರ ಪಟ್ಟಿಯಲ್ಲಿದ್ದಾರೆ. ಇವರ ವಾರ್ಷಿಕ ಸ್ವೀಕೃತಿ 50 ಲಕ್ಷದೊಳಗಿದ್ದರೆ, ನಗದಿನಲ್ಲಿ ಪಡೆದದ್ದು ಶೇ 5 ಮೀರದಿದ್ದರೆ 75 ಲಕ್ಷದೊಳಗಿದ್ದರೂ, ಅದರ ಅರ್ಧವನ್ನು ಆದಾಯವೆಂದು ಘೋಷಿಸಿ ರಿಟರ್ನ್ ಸಲ್ಲಿಸಬಹುದು. ಎಲ್ಲರ ಬಾಯಲ್ಲಿರುವ 44ಎಡಿಎ ಸೆಕ್ಷನ್ ಇದೇ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾಗಿದೆ. ವರ್ಷಕ್ಕೆ 12 ಲಕ್ಷ ಬಂದವರಿಗೆ ಕಡಿತವಾದದ್ದು 1,20,000 ಇರಬಹುದು. ಲೆಕ್ಕದಲ್ಲಿ ಆದಾಯ 6 ಲಕ್ಷ. 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಅಂದರೆ ರಿಟರ್ನ್ ಸಲ್ಲಿಸಿದರೆ ಅಷ್ಟೂ ವಾಪಸ್. ಸಲ್ಲಿಸದಿದ್ದರೆ ಅಷ್ಟೂ ಸರ್ಕಾರದ ಬಳಿಯೇ. ಸಿನಿಮಾದಾಚೆಯ ವಿಡಿಯೊ ಕೆಲಸ ಮಾಡುವವರು ಈ ಸೌಲಭ್ಯ ತಮಗೆ ಹೇಗೆ ಅನ್ವಯಿಸುತ್ತದೆ ಎಂದು ಆಡಿಟರ್ ಬಳಿ ಕೇಳಿಕೊಳ್ಳಿ. ಸೇವೆಯಿಂದ ಬರುವ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಆಗ ಶೇ 18 ಬೇರೆಯಾಗಿ ಬರೆಯಬೇಕು. ದರ ಹೇಳುವಾಗಲೇ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಹೇಳಬೇಕು.

ಡಿಸ್ಕಿನ ಖರ್ಚು, ಸಹಾಯಕರ ಪಾಲು

ಬ್ಯಾಕಪ್ ಕೂಡ ಹಣಕಾಸಿನ ವಿಷಯ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ನಿಯಮವನ್ನು ನಾನು ತಪ್ಪದೆ ಪಾಲಿಸುತ್ತೇನೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಒಂದು ಸಾಕ್ಷ್ಯಚಿತ್ರದ ನಡುವೆ ಹಾರ್ಡ್ ಡಿಸ್ಕ್ ಕೆಟ್ಟಾಗ ಅದರಲ್ಲಿ ವಯೋವೃದ್ಧ ಯಕ್ಷಗಾನ ಭಾಗವತರೊಬ್ಬರ ಸಂದರ್ಶನವಿತ್ತು. ಚಿತ್ರ ಮುಗಿಯುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮನೆಯಲ್ಲಿಟ್ಟಿದ್ದ ಇನ್ನೊಂದು ಪ್ರತಿಯಿಂದ ಅವರ ದನಿ ಉಳಿಯಿತು. ಅಂಥ ಸಂದರ್ಶನವನ್ನು ಯಾವ ಬಜೆಟ್ಟಿನಲ್ಲೂ ಮತ್ತೆ ಶೂಟ್ ಮಾಡಲಾಗದು. ಹಾಗಾಗಿ ಡಿಸ್ಕಿನ ಬೆಲೆಯನ್ನು ಕೊಟೇಶನ್‌ನಲ್ಲೇ ಸೇರಿಸಿ.

ಬಂದ ಪ್ರತಿ ಪೇಮೆಂಟ್‌ನಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ: ತೆರಿಗೆಗೆ, ಕಂಪ್ಯೂಟರ್ ಬದಲಿಸಲು, ಕೆಲಸವಿಲ್ಲದ ತಿಂಗಳಿಗೆ. ನಮಗೆ ಪಿಎಫ್ ಇಲ್ಲ, ಆಫೀಸಿನ ಆರೋಗ್ಯ ವಿಮೆಯೂ ಇಲ್ಲ. ಎರಡನ್ನೂ ನಾವೇ ಕಟ್ಟಿಕೊಳ್ಳಬೇಕು. ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದವರ ಕಲ್ಯಾಣ ನಿಧಿಗಾಗಿ ನಮ್ಮ ರಾಜ್ಯ 2024ರಲ್ಲಿ ಮಸೂದೆ ಅಂಗೀಕರಿಸಿದ್ದು ಸ್ವಾಗತಾರ್ಹ. ಅಂಥ ನೆರವು ಕೇಳಲು ಹೋದಾಗಲೂ ನಾವು ಈ ಕಸುಬಿನವರೆಂದು ತೋರಿಸಲು ಒಪ್ಪಂದ, ಬಿಲ್ಲು, ಬ್ಯಾಂಕಿನ ದಾಖಲೆಯೇ ನಮ್ಮ ಸಾಕ್ಷಿ.

ಹಿರಿಯರಿಗೂ ಒಂದು ಮಾತು. ನಿರ್ಮಾಪಕರಿಂದ ನಾವು ಕೇಳುವ ಶಿಸ್ತು ನಮ್ಮ ಸಹಾಯಕರಿಗೂ ಸಲ್ಲಬೇಕು. ಅವರಿಗೂ ಒಂದು ಪುಟದ ಪತ್ರ ಕೊಡಿ, ಟೈಟಲ್‌ನಲ್ಲಿ ಹೆಸರು ಹಾಕಿ, ನಿಮ್ಮ ಹಣ ಬರಲಿ ಬಾರದಿರಲಿ ಅವರದನ್ನು ಹೇಳಿದ ದಿನ ಕೊಡಿ. ‘ಕಲಿಯೋಕೆ ಅವಕಾಶ ಕೊಟ್ಟಿದ್ದೀನಲ್ಲ’ ಎಂಬ ಮಾತಿನಲ್ಲಿ ಯಾರದೂ ಬಾಡಿಗೆ ಕಟ್ಟಲಾಗದು. ಮೊದಲ ವರ್ಷವೇ ಷರತ್ತು ಬರೆದು ಕೆಲಸ ಮಾಡಲು ಕಲಿತ ಹುಡುಗಿ ಹತ್ತು ವರ್ಷದ ನಂತರವೂ ಈ ಕಸುಬಿನಲ್ಲಿ ಇರುತ್ತಾಳೆ. ಕನ್ನಡದ ಸಿನಿಮಾಕ್ಕೆ, ಸಾಕ್ಷ್ಯಚಿತ್ರಕ್ಕೆ ಬೇಕಾದದ್ದು ಹಾಗೆ ಉಳಿಯುವ ಜನ.