ತೊಡೆಸಂದಿನ ತುರಿಕೆ, ಮೆಡಿಕಲಿನ ಟ್ಯೂಬು

ಪ್ರಶ್ನೆ: ಅಡಿಕೆ ಮರಕ್ಕೆ ಮದ್ದು ಬಿಡುವ ಕೆಲಸ ನನ್ನದು. ಮಳೆ ಹಿಡಿದ ಮೇಲೆ ತೊಡೆಸಂದಿನಲ್ಲಿ ಒಣಕಲು ಕಲೆಗಳೆದ್ದು ವಿಪರೀತ ತುರಿಕೆ. ಮೆಡಿಕಲಿನಿಂದ ತಂದ ಟ್ಯೂಬು ಹಚ್ಚಿದರೆ ಎರಡು ದಿನ ಆರಾಮ, ಬಿಟ್ಟರೆ ಮತ್ತೆ ಜೋರು. ಯಾರಲ್ಲಿ ಹೇಳುವುದೆಂದು ನಾಚಿಕೆ. ಕಾರಣ ಏನಿರಬಹುದು?
– ಓದುಗರು, ದರ್ಬೆ, ಪುತ್ತೂರು

ಉತ್ತರ: ನಾಚಿಕೆ ಬೇಡ. ಆಟಿಯ ಮಳೆಯಲ್ಲಿ ಇಡೀ ದಿನ ಒದ್ದೆ ಚಡ್ಡಿಯಲ್ಲಿ ದುಡಿಯುವವರಿಗೆ ಇದು ತೀರಾ ಸಾಮಾನ್ಯ. ಮೊದಲ ಅನುಮಾನ ಹುಳುಕಡ್ಡಿಯ ಮೇಲೆ. ಹೆಸರಿನಲ್ಲಿ ಹುಳ ಇದ್ದರೂ ಇದು ಶಿಲೀಂಧ್ರದ ಕೆಲಸ, ನಿಮ್ಮ ಅಡಿಕೆಯ ಕೊಳೆರೋಗದ ಹಾಗೆ ತೇವ ಸಿಕ್ಕರೆ ಹಬ್ಬುವಂಥದ್ದು. ಕಲೆಯ ಅಂಚು ಕೆಂಪಾಗಿ ಉಬ್ಬಿ ಹೊಟ್ಟು ಏಳುತ್ತದೆ, ನಡುಭಾಗ ತಿಳಿಯಾಗುತ್ತದೆ. ವೃಷಣದ ಚರ್ಮವನ್ನು ಸಾಮಾನ್ಯವಾಗಿ ಬಿಟ್ಟು ತೊಡೆಯತ್ತ ಸರಿಯುತ್ತದೆ. ಕಾಲ್ಬೆರಳ ಸಂದೂ ಸುಲಿದಿದೆಯೇ ನೋಡಿ. ಗಂಬೂಟಿನೊಳಗೆ ಬೆಳೆದದ್ದು ಚಡ್ಡಿ ಏರಿಸುವಾಗ ಬಟ್ಟೆಗಂಟಿ ಮೇಲೆ ಬರುವುದುಂಟು.

ಈಗ ಆ ಟ್ಯೂಬನ್ನು ಬೆಳಕಿಗೆ ಹಿಡಿದು ಸಣ್ಣಕ್ಷರ ಓದಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್ ಎಂದಿದೆಯೇ? ಅವು ಸ್ಟಿರಾಯ್ಡ್. ಉರಿ, ತುರಿಕೆ ತಕ್ಷಣ ಇಳಿಸುತ್ತವೆ, ಆದರೆ ಶಿಲೀಂಧ್ರ ಒಳಗೊಳಗೇ ಕೊಬ್ಬುತ್ತದೆ. ನಿಮ್ಮ ಎರಡು ದಿನದ ಆರಾಮದ ಗುಟ್ಟು ಇದೇ ಇರಬಹುದು. ತೊಡೆಸಂದಿನ ಚರ್ಮ ತೆಳು, ಮದ್ದನ್ನು ಬೇಗ ಹೀರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಮಾಸದ ಬಿರುಕುಗೆರೆ ಬೀಳುತ್ತವೆ. ಕೇಂದ್ರ ಸರ್ಕಾರ 2018ರಲ್ಲೇ ಇಂಥ 14 ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕೌಂಟರಿನಲ್ಲಿ ಅದನ್ನು ನೆನೆಯುವವರು ಎಷ್ಟು ಮಂದಿಯೋ! ಟರ್ಬಿನಾಫಿನ್ ಎಂಬ ಶಿಲೀಂಧ್ರದ ಮದ್ದಿಗೆ ಸುಲಭಕ್ಕೆ ಬಗ್ಗದ ಹುಳುಕಡ್ಡಿಯ ಹೊಸ ತಳಿಯೂ ಬಂದಿದೆ. 2020ರಲ್ಲಿ ಅದಕ್ಕೆ ಇಂಡೋಟಿನಿಯೆ ಎಂದು ನಮ್ಮ ದೇಶದ ಹೆಸರನ್ನೇ ಸೇರಿಸಿ ಕರೆದರು.

ಎಲ್ಲ ತುರಿಕೆಯೂ ಹುಳುಕಡ್ಡಿಯಲ್ಲ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತು, ಸುಣ್ಣ. ಬಟ್ಟೆ ನೆನೆದು ಚರ್ಮಕ್ಕಂಟಿದರೆ ಕೆರಳಿಸುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ, ಚೇರೆ ಮರದ ಸೊನೆ ಕೈಗೆ ತಾಗಿದ್ದರೆ, ಮೂತ್ರಕ್ಕೆ ಹೋದಾಗ ಅಲ್ಲಿಗೂ ದಾಟಿ ಬೊಕ್ಕೆ ಎಬ್ಬಿಸುತ್ತದೆ. ಸೊಂಟದ ಇಲಾಸ್ಟಿಕ್, ಡೆಟಾಲ್, ಘಾಟು ಸೋಪು ಕೂಡ ಕಾರಣವಾದೀತು. ರಾತ್ರಿ ತುರಿಕೆ ಹೆಚ್ಚಿ ಮನೆಯವರೂ ಕೆರೆಯುತ್ತಿದ್ದರೆ ಕಜ್ಜಿ. ಕಂದು ಕಲೆ, ತುರಿಕೆ ಕಡಿಮೆ ಎಂದಾದರೆ ಬ್ಯಾಕ್ಟೀರಿಯಾ ಸೋಂಕು. ವಿಶೇಷ ದೀಪದಡಿ ಹವಳದ ಬಣ್ಣ ಹೊಳೆಯುತ್ತದೆ. ತೇವಗೂಡಿದ ಕೆಂಪು, ಸುತ್ತ ಚಿಕ್ಕ ಚುಕ್ಕಿ ಇದ್ದರೆ ಕ್ಯಾಂಡಿಡಾ. ಆಗ ರಕ್ತದ ಸಕ್ಕರೆಯನ್ನೂ ನೋಡಿಸಿ. ಸೋರಿಯಾಸಿಸ್ ಕೂಡ ಸಂದುಗಳಲ್ಲಿ ಅಡಗಿರುತ್ತದೆ. ಕೆರೆದೂ ಕೆರೆದೂ ದಪ್ಪಗಟ್ಟಿದ ಚರ್ಮ ತುರಿಸಲು ಬೇರೆ ಕಾರಣವೇ ಬೇಡ.

ಚರ್ಮದ ಡಾಕ್ಟರರನ್ನು ಕಾಣಿ, ಟ್ಯೂಬೂ ಜೊತೆಗಿರಲಿ. ಬ್ಲೇಡಿನಿಂದ ತುಸು ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಕಂಡೀತು. ಮದ್ದು ಶುರುವಾದರೆ ಕಲೆ ಮಾಯವಾಯಿತೆಂದು ನಡುವೆ ಬಿಡಬೇಡಿ. ಬೈರಾಸು, ಒಳಚಡ್ಡಿ ಯಾರೊಂದಿಗೂ ಹಂಚಬೇಡಿ. ಬಿಸಿಲಿಲ್ಲದಾಗ ಬಚ್ಚಲ ಒಲೆಯ ಬಳಿ ಒಣಗಿಸಿ, ಇಸ್ತ್ರಿ ಹಾಕಿ. ಮನೆಯಲ್ಲಿ ಇನ್ನೊಬ್ಬರಿಗೂ ಕಲೆಯಿದ್ದರೆ ಒಟ್ಟಿಗೇ ಹೋಗಿ ಬನ್ನಿ.