ದಿನ, ತಿಂಗಳು, ವರ್ಷ ಮೂರು ಕಡೆ ಇದ್ದರೆ

ಶ್ರೀನಿವಾಸಪುರದ ಮಾವಿನ ಮಂಡಿ, ಕೋಲಾರದ ಟೊಮೆಟೊ ಮಾರುಕಟ್ಟೆ, ಮಾಲೂರು, ಮುಳಬಾಗಿಲಿನ ಹಾಲಿನ ಡೇರಿ: ಎಲ್ಲೇ ಲೆಕ್ಕ ಬರೆಯುವವರಾಗಿರಿ, ದಿನ, ತಿಂಗಳು, ವರ್ಷವನ್ನು ಬೇರೆ ಬೇರೆ ಕಾಲಂಗಳಲ್ಲಿ ತುಂಬಿಸಿಟ್ಟ ಹಳೆಯ ಡೇಟಾಬೇಸ್ ನಿಮ್ಮ ಕೈಗೆ ಬಂದರೆ ಸ್ವಲ್ಪ ಎಚ್ಚರದಿಂದಿರಿ.

ಮೇ 25ರಿಂದ ಜೂನ್ 10ರವರೆಗಿನ ಮಾವಿನ ಆವಕ ಬೇಕು ಅನ್ನಿ. ತಿಂಗಳು 5 ಅಥವಾ 6, ದಿನ 25ಕ್ಕಿಂತ ಕಡಿಮೆ ಇಲ್ಲದ್ದು ಎಂದು ಎಸ್‌ಕ್ಯೂಎಲ್‌ನಲ್ಲಿ ಕೇಳಿದರೆ ಜೂನ್‌ನ ಮೊದಲ ಹತ್ತು ದಿನ ಬಿಟ್ಟುಹೋಗುತ್ತವೆ, ಬೇಡದ ಜೂನ್ ಕೊನೆಯ ದಿನಗಳು ಸೇರಿಕೊಳ್ಳುತ್ತವೆ. ದೋಷದ ಸಂದೇಶವೇನೂ ಬರುವುದಿಲ್ಲ, ಮೊತ್ತ ಮಾತ್ರ ತಪ್ಪಿರುತ್ತದೆ. ರೈತನ ಪಾವತಿ ಅದರ ಮೇಲೆ ನಿಂತಿದ್ದರೆ ಇದು ಸಣ್ಣ ವಿಷಯವಲ್ಲ.

ಇದನ್ನು ತಪ್ಪಿಸಲು ಒಂದು ಉಪಾಯವಿದೆ: ವರ್ಷವನ್ನು 10000ದಿಂದ, ತಿಂಗಳನ್ನು 100ರಿಂದ ಗುಣಿಸಿ ದಿನ ಕೂಡಿಸಿ. 2024ರ ಮೇ 25 ಆಗ 20240525 ಆಗುತ್ತದೆ. 20240525 ಮತ್ತು 20240610ರ ನಡುವಿನದ್ದು ಕೇಳಿದರೆ ಸರಿಯಾದ ಸಾಲುಗಳೇ ಬರುತ್ತವೆ. ಆದರೆ ಈ ಅಂಕಿಗಳನ್ನು ಕಳೆದು ದಿನ ಎಣಿಸಬೇಡಿ: ಮೇ 31ಕ್ಕೂ ಜೂನ್ 1ಕ್ಕೂ 70ರ ಅಂತರ ತೋರಿಸುತ್ತದೆ!

ಅದಕ್ಕೇ ನಿಜವಾದ ದಿನಾಂಕದ ಕಾಲಂ ಒಂದನ್ನು ಸೇರಿಸಿಬಿಡುವುದೇ ಮೇಲು. ಪೋಸ್ಟ್‌ಗ್ರೆಸ್‌ನಲ್ಲಿ ಮೇಕ್‌ಡೇಟ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡೇಟ್‌ಫ್ರಂಪಾರ್ಟ್ಸ್ ಎಂಬ ಫಂಕ್ಷನ್‌ಗಳು ಮೂರನ್ನೂ ಜೋಡಿಸುತ್ತವೆ. ಜೂನ್ 31ರಂಥ ಇಲ್ಲದ ದಿನ ಸಿಕ್ಕರೆ ಎರಡೂ ಅಲ್ಲೇ ನಿಲ್ಲುತ್ತವೆ. ಅಂಥ ಸಾಲುಗಳನ್ನು ಮೊದಲೇ ಹುಡುಕಿ, ಮೂಲ ರಸೀದಿ ನೋಡಿ ತಿದ್ದಿ. ಊಹಿಸಿ ತುಂಬಬೇಡಿ. ಹಳೆಯ ಮೂರು ಕಾಲಂಗಳನ್ನು ಒಂದು ಸೀಸನ್ ಮುಗಿಯುವವರೆಗಾದರೂ ಅಳಿಸದೆ ಇಟ್ಟುಕೊಳ್ಳಿ.